ಗೊತ್ತಿಲ್ಲದ ಭಾಷೆಯಲ್ಲಿ ಆಲೆಮನೆ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಿಮ್ಮ ಪ್ರಾಜೆಕ್ಟ್ ಶುರು ಅಂತ ಮೇಷ್ಟ್ರು ಹೇಳಿದರು. ನೀವು ಕಲಿತದ್ದು ಜಾವಾ, ಕಟ್ಟಬೇಕಾದದ್ದು ಗೋ ಅನ್ನುವ ಬೇರೆ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಭಯ ಆಗುತ್ತದೆ, ಅಲ್ವಾ? ಭಾಷೆಗೆ ಹೆದರಬೇಡಿ. ಗೋದಲ್ಲಿ ಇರುವುದೇ 25 ಕೀವರ್ಡ್, ಅಂದರೆ ಭಾಷೆ ತನಗೇ ಕಾದಿರಿಸಿಕೊಂಡ ಪದ. ಒಂದು ವಾರ ಕೂತರೆ ಓದಿ ಮುಗಿಸಬಹುದು. ಕಷ್ಟ ಇರುವುದು ಯಾವ ಕೋಡ್ ಎಲ್ಲಿ ಇಡಬೇಕು ಅನ್ನುವುದರಲ್ಲಿ.

ನಾನು ಹತ್ತು ವರ್ಷ ಜಾವಾ ಬರೆದವನು. ಮಂಡ್ಯದ ಹತ್ತಿರ ನಮ್ಮ ಸೋದರಮಾವನ ಆಲೆಮನೆ ಇದೆ. ರೈತರು ಕಬ್ಬು ತರುತ್ತಾರೆ, ತೂಕ ಆಗುತ್ತದೆ, ಸೋಗೆಗೆ ಇಷ್ಟು ಅಂತ ಕಳೆಯುತ್ತಾರೆ, ಮುಂಗಡ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ಈ ಲೆಕ್ಕಕ್ಕೆ ಒಂದು ವೆಬ್ ಅಪ್ಲಿಕೇಶನ್ ಮಾಡಿಕೊಡುತ್ತೇನೆ ಅಂದೆ. ಗೋ ಕಲಿಯುವ ಆಸೆಯೂ ಇತ್ತು.

ಜಾವಾದ ಅಭ್ಯಾಸದಂತೆ ವೆಬ್ ಕೋರಿಕೆ ನೋಡುವ ಕಂಟ್ರೋಲರ್, ಲೆಕ್ಕ ಮಾಡುವ ಸರ್ವಿಸ್, ಡೇಟಾ ಉಳಿಸುವ ರೆಪಾಸಿಟರಿ ಅಂತ ಮೂರು ಪ್ಯಾಕೇಜ್, ಅಂದರೆ ಕೋಡಿನ ಮೂರು ಗಂಟು ಮಾಡಿದೆ. ಸರ್ವಿಸ್ ರೆಪಾಸಿಟರಿಯನ್ನು ಕರೆಯಿತು. ರೈತನ ವಿವರ ಹಿಡಿದಿಡುವ ಟೈಪ್ ಸರ್ವಿಸ್ ಒಳಗಿತ್ತು, ಹಾಗಾಗಿ ರೆಪಾಸಿಟರಿ ವಾಪಸ್ ಸರ್ವಿಸ್ ಅನ್ನು ಕರೆಯಿತು. ಜಾವಾ ಇದನ್ನು ಸುಮ್ನೆ ಬಿಡುತ್ತದೆ. ಗೋ ಬಿಡುವುದಿಲ್ಲ. ‘ಇಂಪೋರ್ಟ್ ಸೈಕಲ್ ನಾಟ್ ಅಲೋಡ್’, ಅಂದರೆ ಪ್ಯಾಕೇಜುಗಳು ಸುತ್ತಿ ಬಂದು ಒಂದನ್ನೊಂದು ಕರೆಯುವ ಹಾಗಿಲ್ಲ ಅಂತ ಕಂಪೈಲರ್ ನಿಂತುಬಿಟ್ಟಿತು. ಎರಡು ರಾತ್ರಿ ಫೈಲುಗಳನ್ನು ಅಲ್ಲಿಂದಿಲ್ಲಿಗೆ ಹೊತ್ತೆ. ಸರಿಹೋಗಲಿಲ್ಲ.

ಭಾನುವಾರ ಆಲೆಮನೆಗೆ ಹೋದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ತೂಕದ ಹುಡುಗ ಕಾರ್ಬನ್ ಹಾಳೆ ಇಟ್ಟು, ಪೆನ್ಸಿಲ್ ಒತ್ತಿ ಚೀಟಿ ಬರೆಯುತ್ತಿದ್ದ. ರೈತ ಆ ಚೀಟಿ ಹಿಡಿದು ಮಾವನ ಹತ್ತಿರ ಬಂದ. ಮಾವ ಕಬ್ಬಿನ ಕಡೆ ತಿರುಗಿಯೂ ನೋಡದೆ ದುಡ್ಡು ಎಣಿಸಿದರು. ನಾನು ಕೇಳಿದ್ದಕ್ಕೆ ಹೇಳಿದರು: ‘ತೂಗೋನು ದುಡ್ಡು ಮುಟ್ಟಲ್ಲ ಕಣಪ್ಪ. ದುಡ್ಡು ಎಣಿಸೋನು ತೂಕದ ಹತ್ರ ಹೋಗಲ್ಲ. ಮಧ್ಯೆ ಓಡಾಡೋದು ಚೀಟಿ ಒಂದೇ.’

ಅವತ್ತು ರಾತ್ರಿ ಚೀಟಿಗೆ ಒಂದು ಪ್ಯಾಕೇಜ್ ಮಾಡಿದೆ. ಅದು ನನ್ನ ಬೇರೆ ಯಾವ ಪ್ಯಾಕೇಜನ್ನೂ ಇಂಪೋರ್ಟ್ ಮಾಡುವುದಿಲ್ಲ. ಅದರ ಹೊರಗೆ ಲೆಕ್ಕ. ಅದಕ್ಕೂ ಹೊರಗೆ ಡೇಟಾಬೇಸ್ ಮತ್ತು ವೆಬ್ ಪುಟ. ಹೀಗೆ ಮೂರು ಲೇಯರ್, ಅಂದರೆ ಪದರ. ಒಳಗಿನವರಿಗೆ ಹೊರಗಿನವರ ಹೆಸರು ಗೊತ್ತಿರಬಾರದು. ಇದನ್ನು ಇವತ್ತು ನಾನು ಹತ್ತು ಸಲ ಹೇಳಿದರೂ ಬೇಜಾರು ಮಾಡಿಕೊಳ್ಳಬೇಡಿ.

ಲೆಕ್ಕಕ್ಕೆ ಬೇಕಾದದ್ದು ‘ಚೀಟಿ ಉಳಿಸುವ ಯಾರೋ ಒಬ್ಬರು’. ಅಷ್ಟನ್ನೇ ಒಂದು ಇಂಟರ್‌ಫೇಸ್ (ಯಾವ ಕೆಲಸ ಬೇಕು ಅನ್ನುವ ಪಟ್ಟಿ) ಆಗಿ ಲೆಕ್ಕದ ಪ್ಯಾಕೇಜಿನಲ್ಲೇ ಬರೆಯಿರಿ. ಗೋದಲ್ಲಿ ‘ಇಂಪ್ಲಿಮೆಂಟ್ಸ್’ ಅಂತ ಘೋಷಿಸುವುದು ಬೇಡ. ಆ ಪಟ್ಟಿಯಲ್ಲಿರುವ ಕೆಲಸ ಮಾಡುವ ಮೆಥಡ್ ಇದ್ದರೆ ಸಾಕು. ನಿಜವಾಗಿ ಓಡಿಸುವಾಗ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೂಡಿಸಿ, ಟೆಸ್ಟ್ ಮಾಡುವಾಗ ಮೆಮೊರಿಯಲ್ಲಿ ಒಂದು ಮ್ಯಾಪ್ ಕೊಡಿ. ಲೆಕ್ಕಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಯಾಕೆ? ಒಳಗಿನವರಿಗೆ ಹೊರಗಿನವರ ಹೆಸರು ಗೊತ್ತಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೋಡಿನಲ್ಲೂ ‘ಚೀಟಿ’ ಅಂತ ಕನ್ನಡದಲ್ಲೇ ಬರೆಯಲು ಹೋದೆ. ಜಾವಾ, ಪೈಥಾನ್ ಎರಡೂ ಒಪ್ಪುತ್ತವೆ. ಗೋ ಒಪ್ಪಲಿಲ್ಲ. ಅದಕ್ಕೆ ಬರಿಯ ಅಕ್ಷರ ಆಗುತ್ತದೆ, ಗುಡಿಸು, ದೀರ್ಘದಂಥ ಗುರುತು ಆಗುವುದಿಲ್ಲ. ‘ಹಣ’ ನಡೆಯುತ್ತದೆ, ‘ಚೀಟಿ’ ನಡೆಯುವುದಿಲ್ಲ. ಆ ‘ಹಣ’ ಕೂಡ ಪ್ಯಾಕೇಜಿನ ಹೊರಗೆ ಕಾಣದು. ಹೊರಗೆ ಕಾಣಬೇಕಾದರೆ ಹೆಸರು ದೊಡ್ಡ (ಕ್ಯಾಪಿಟಲ್) ಅಕ್ಷರದಿಂದ ಶುರುವಾಗಬೇಕು. ಕನ್ನಡದಲ್ಲಿ ದೊಡ್ಡ ಅಕ್ಷರ ಎಲ್ಲಿದೆ? ಇದು ನನಗೆ ಈಗಲೂ ನೋವಿನ ವಿಷಯ. ನಿಮ್ಮಲ್ಲಿ ಯಾರಾದರೂ ಇದನ್ನು ಸರಿಮಾಡುವ ಕೆಲಸಕ್ಕೆ ಕೈಹಾಕಿದರೆ ನನಗೆ ತುಂಬಾ ಸಂತೋಷ.

ಇನ್ನು ಹತ್ತೇ ನಿಮಿಷ ಅಂತ ನನಗೆ ಚೀಟಿ ಬಂತು, ಬೇಗ ಹೇಳುತ್ತೇನೆ. ಬೇರೆಯವರು ಕಟ್ಟಿಟ್ಟ ವೆಬ್ ಫ್ರೇಮ್‌ವರ್ಕ್ ಹುಡುಕಿಕೊಂಡು ಹೋಗಬೇಡಿ. 2024ರ ಫೆಬ್ರವರಿಯಲ್ಲಿ ಬಂದ 1.22 ಆವೃತ್ತಿಯಿಂದ ಗೋದ ಸ್ವಂತ ಲೈಬ್ರರಿಯೇ ಗೆಟ್ (ಪುಟ ಕೇಳುವುದು), ಪೋಸ್ಟ್ (ಮಾಹಿತಿ ಕಳಿಸುವುದು) ಬೇರೆ ಮಾಡುತ್ತದೆ, ವೆಬ್ ವಿಳಾಸದ ದಾರಿಯಲ್ಲಿರುವ ಚೀಟಿ ನಂಬರನ್ನೂ ಎತ್ತಿಕೊಡುತ್ತದೆ. ಜಾವಾದಲ್ಲಿ ಎರರ್ ಹಿಡಿಯುವ ಟ್ರೈ-ಕ್ಯಾಚ್ ಗೋದಲ್ಲಿ ಇಲ್ಲ, ಎರರ್ ಬಂದಲ್ಲೇ ನೋಡಬೇಕು. ಪ್ರತಿ ಲೇಯರ್‌ನಲ್ಲೂ ‘ಚೀಟಿ ಉಳಿಸುವಾಗ’ ಅಂತ ಒಂದು ಮಾತು ಸೇರಿಸಿ ಮೇಲಕ್ಕೆ ಕಳಿಸಿ. ದುಡ್ಡನ್ನು ಫ್ಲೋಟ್‌ನಲ್ಲಿ, ಅಂದರೆ ದಶಾಂಶ ಸಂಖ್ಯೆಯಾಗಿ ಇಡಲೇಬೇಡಿ. ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ರೈತನ ದುಡ್ಡು ಅದು.

ಮೂರೂ ಲೇಯರ್ ಪೂರ್ತಿ ಬರೆಯುವ ತನಕ ಕಾಯಬೇಡಿ. ಒಂದೇ ಚೀಟಿ ಪುಟದಿಂದ ಡೇಟಾಬೇಸ್ ತನಕ ಹೋಗಿ ವಾಪಸ್ ಬರಲಿ. ಲ್ಯಾಪ್‌ಟಾಪ್ ತಂದವರು ಟೀ ಕುಡಿದು ಇಲ್ಲೇ ಕೂತಿರಿ. ಆ ಚೀಟಿಯನ್ನು ಈಗಲೇ ಬರೆಯೋಣ.