ಗೋಕುಲ್‌ಧಾಮ್‌ನಲ್ಲಿ ಯಾರಿಗೂ ವಯಸ್ಸೇ ಆಗ್ತಿಲ್ಲ

ನಮಸ್ಕಾರ ಎಲ್ರಿಗೂ, ಡೊಂಬಿವಲಿಯಿಂದ ಮಾತಾಡ್ತಿದೀನಿ, ಇವತ್ತು ಸೀದಾ ವಿಷಯಕ್ಕೇ ಬರ್ತೀನಿ ಯಾಕಂದ್ರೆ ಇದು ತುಂಬಾ ದಿನದಿಂದ ತಲೇಲಿ ಕೊರೀತಿದೆ. ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ ಅನ್ನೋ ಹಿಂದಿ ಕಾಮಿಡಿ ಸೀರಿಯಲ್ ಕೆಟ್ಟಿದ್ದು ಹಳೇ ಕಲಾವಿದರು ಬಿಟ್ಟು ಹೋಗಿದ್ರಿಂದ ಅಂತ ಎಲ್ರೂ ಹೇಳ್ತಾರೆ, ಲೋಕಲ್ ಟ್ರೇನಲ್ಲಿ ಕೇಳಿ, ಸೊಸೈಟಿ ಗೇಟ್ ಹತ್ರ ಕೇಳಿ, ಮಾಟುಂಗಾದಲ್ಲಿ ಕಾಫಿ ಕುಡೀತಾ ಕೂತಿರೋ ನಮ್ಮವರನ್ನ ಕೇಳಿ, ಎಲ್ಲಾ ಕಡೆ ಇದೇ ಉತ್ತರ, ನಾಯಕ ಜೇಠಾಲಾಲ್‌ನ ಹೆಂಡತಿ ದಯಾ ಹೋದ್ಲು, ಸೀರಿಯಲ್ ಹೋಯ್ತು. ನಾನು ಒಪ್ಪಲ್ಲ. ಜನ ಹೋಗ್ತಾರೆ, ಅದು ಸಹಜ. ಆ ಸೀರಿಯಲ್‌ನವರು ಕಾಲವನ್ನ ಮುಂದಕ್ಕೆ ಹೋಗೋಕೇ ಬಿಡ್ಲಿಲ್ಲ, ನನಗೆ ಸಿಟ್ಟು ಬರೋದು ಅದಕ್ಕೆ.

ಶುರುವಾಗಿದ್ದು 2008ರ ಜುಲೈ 28. ಆಗ ಬೇರೆ ಚಾನೆಲ್‌ಗಳಲ್ಲಿ ಅತ್ತೆ ಸೊಸೆ ಜಗಳ, ಒಬ್ಬೊಬ್ಬರ ಮುಖಕ್ಕೂ ಮೂರು ಸಲ ಕ್ಯಾಮೆರಾ ಝೂಮ್, ಅದ್ರ ಮಧ್ಯೆ ಸಬ್ ಟಿವಿಯಲ್ಲಿ ರಾತ್ರಿ ಎಂಟೂವರೆಗೆ ಗೋಕುಲ್‌ಧಾಮ್ ಅನ್ನೋ ಒಂದು ಹೌಸಿಂಗ್ ಸೊಸೈಟಿ, ಗುಜರಾತಿ, ಮರಾಠಿ, ಪಂಜಾಬಿ, ಬಿಹಾರಿ, ಬಂಗಾಳಿ, ತಮಿಳು, ಎಲ್ಲಾ ಒಂದೇ ಕಾಂಪೌಂಡ್. ಇದರ ಬೇರು ಗುಜರಾತಿ ವಾರಪತ್ರಿಕೆ ಚಿತ್ರಲೇಖಾದಲ್ಲಿ ತಾರಕ್ ಮೆಹ್ತಾ ಅವರು 1971ರಿಂದ ಬರೀತಿದ್ದ ಅಂಕಣ. ಅಂದ್ರೆ ಹಿಂದೆ ಒಬ್ಬ ನಿಜವಾದ ಬರಹಗಾರ ಇದ್ರು, ಮುಂಬೈ ಮಧ್ಯಮ ವರ್ಗದವರನ್ನ ಹತ್ತಿರದಿಂದ ನೋಡಿ ದಶಕಗಟ್ಟಲೆ ಬರೆದವರು, 2015ರಲ್ಲಿ ಪದ್ಮಶ್ರೀ ಬಂತು, 2017ರ ಮಾರ್ಚ್‌ನಲ್ಲಿ ತೀರಿಕೊಂಡ್ರು. ಆ ಮೊದಲ ವರ್ಷಗಳ ಎಪಿಸೋಡ್‌ಗಳಲ್ಲಿ ಆ ನೋಟದ ಗುರುತು ಕಾಣ್ಸುತ್ತೆ.

ನಮ್ಮ ಮನೆಗಳಲ್ಲಿ ಇದು ಹೇಗೆ ಹೊಕ್ಕಿತ್ತು ಅಂತ ಮುಂಬೈ ಕನ್ನಡಿಗರಿಗೆ ನಾನು ಹೇಳ್ಬೇಕಾಗಿಲ್ಲ. ಊರಿಂದ ಮಗನ ಮನೆಗೆ ಬಂದು ಉಳಿದುಬಿಟ್ಟ ಎಷ್ಟೋ ಅಜ್ಜಿಯರಿಗೆ ಹಿಂದಿ ಕಲಿಸಿದ್ದೇ ಜೇಠಾಲಾಲ್. ನಮ್ಮಜ್ಜಿ ಅಂತೂ ಕುಂದಾಪುರ ಕಡೆ ಕನ್ನಡ ಬಿಟ್ರೆ ಬೇರೆ ಮಾತಾಡದವಳು, ಜೇಠಾಲಾಲ್ ಅಪ್ಪ ಚಂಪಕ್‌ಲಾಲ್ ಬೈದಾಗ ಯಾಕೆ ಬೈದ ಅಂತ ನಮಗೇ ವಿವರಿಸ್ತಿದ್ಲು. ಮತ್ತೆ ಅಯ್ಯರ್. ಅಯ್ಯರ್ ತಮಿಳಿನವನು, ನಮ್ಮವನಲ್ಲ, ಆದ್ರೂ ನಮಗೆ ಅವನೇ ನಮ್ಮ ಪೈಕಿ, ಯಾಕಂದ್ರೆ ಇಲ್ಲಿ ಬಿಲ್ಡಿಂಗಲ್ಲಿ ನೀವು ಮಂಗಳೂರಾಗ್ಲಿ ವಿಜಾಪುರಾಗ್ಲಿ ಪಕ್ಕದ ಮನೆಯವರಿಗೆ ಎಲ್ಲಾ ಒಂದೇ, ಮದ್ರಾಸಿ. ಟಿವಿಯಲ್ಲಿ ಒಬ್ಬ ಸೌತ್ ಇಂಡಿಯನ್, ಅದೂ ವಿಜ್ಞಾನಿ, ಸೊಸೈಟಿ ಮೀಟಿಂಗಲ್ಲಿ ಕೂತು ಗಟ್ಟಿಯಾಗಿ ಮಾತಾಡ್ತಾನೆ ಅಂದ್ರೆ ಅದು ನಮಗೆ ಸಣ್ಣ ವಿಷಯ ಆಗಿರ್ಲಿಲ್ಲ. ಈಗಿನ ಅಯ್ಯರ್ ನೋಡಿ, ಹೆಂಡತಿ ಬಬಿತಾ ಕಡೆ ಜೇಠಾಲಾಲ್ ನೋಡಿದಾಗ ಮುಖ ಗಂಟು ಹಾಕೋದು ಬಿಟ್ರೆ ಬೇರೆ ಕೆಲಸನೇ ಇಲ್ಲ ಅವನಿಗೆ. ಒಬ್ಬ ಮನುಷ್ಯನನ್ನ ಬರ್ತಾ ಬರ್ತಾ ಒಂದು ಮುಖಭಾವಕ್ಕೆ ಇಳಿಸಿಬಿಟ್ರು.

ಮೊದಲೆಲ್ಲಾ ಕಥೆ ಎಷ್ಟು ಸಣ್ಣದಿರ್ತಿತ್ತು. ಜೇಠಾಲಾಲ್ ಮಗ ಟಪು ಹೊಡೆದ ಬಾಲ್ ಭಿಡೆ ಮನೆ ಕಿಟಕಿ ಗಾಜಿಗೆ, ಅಷ್ಟೇ. ಭಿಡೆ ಸೆಕ್ರೆಟರಿ, ಟ್ಯೂಷನ್ ಮಾಸ್ತರು, ಸಖಾರಾಮ್ ಅನ್ನೋ ಹಳೇ ಸ್ಕೂಟರ್, ಹೆಂಡತಿ ಮಾಧವಿ ಉಪ್ಪಿನಕಾಯಿ ಹಪ್ಪಳ ಮಾಡಿ ಮಾರ್ತಾಳೆ, ಆ ಮನೇಲಿ ಒಂದು ಗಾಜು ಒಡೆದ್ರೆ ಎಷ್ಟು ಖರ್ಚು ಅನ್ನೋದು ನಮಗೆ ಅರ್ಥ ಆಗ್ತಿತ್ತು ಹಾಗಾಗಿ ನಗುನೂ ಬರ್ತಿತ್ತು, ಭಿಡೆ ಮೇಲೆ ಅಯ್ಯೋ ಅಂತಾನೂ ಅನ್ಸ್ತಿತ್ತು. ಗಣಪತಿ ಕೂರಿಸೋ ಮೀಟಿಂಗ್, ನೀರಿನ ಗಲಾಟೆ, ಅಬ್ದುಲ್ ಅಂಗಡಿ ಮುಂದೆ ಗಂಡಸರು ನಿಂತು ಸೋಡಾ ಕುಡಿಯೋದು. ಇದೆಲ್ಲಾ ನಮ್ಮ ಕಾಂಪೌಂಡಲ್ಲೂ ನಡೀತಿತ್ತು.

ಈಗ ಒಂದು ಎಪಿಸೋಡ್ ಕೂತು ಗಮನ ಇಟ್ಟು ನೋಡಿ. ಯಾರೋ ಒಬ್ರು ಬಂದು ಒಂದು ಸುದ್ದಿ ಹೇಳ್ತಾರೆ, ಕ್ಯಾಮೆರಾ ಕಾಂಪೌಂಡ್ ಸುತ್ತ ಒಬ್ಬೊಬ್ಬರ ಮುಖದ ಮೇಲೂ ಹೋಗುತ್ತೆ, ಪ್ರತಿಯೊಬ್ಬರೂ ಅದೇ ಪ್ರಶ್ನೆಯನ್ನ ತಮ್ಮ ಧಾಟಿಯಲ್ಲಿ ಒಂದೊಂದು ಸಲ ಕೇಳ್ತಾರೆ, ಆಮೇಲೆ ಹೆಂಗಸರ ಗುಂಪು, ಆಮೇಲೆ ಟಪು ಸೇನೆ ಅನ್ನೋ ಮಕ್ಕಳ ಗುಂಪು, ಅಷ್ಟೊತ್ತಿಗೆ ಬ್ರೇಕ್. ಕಥೆ ಒಂದು ಹೆಜ್ಜೆನೂ ಇಟ್ಟಿರಲ್ಲ. ವಾರಗಟ್ಟಲೆ ಎಳೆದು ಎಳೆದು ಕೊನೆಗೆ ಜೇಠಾಲಾಲ್ ಹಾಸಿಗೆಯಿಂದ ಎದ್ದು ಕೂತ, ಎಲ್ಲಾ ಕನಸು. ಒಂದೇ ಕಾಫಿ ಪುಡಿಗೆ ನಾಲ್ಕನೇ ಸಲ ಬಿಸಿನೀರು ಹಾಕಿ ಡಿಕಾಕ್ಷನ್ ಇಳಿಸಿದ ಹಾಗೆ. ಕಾರಣನೂ ಗೊತ್ತಿರೋದೇ, ವಾರಕ್ಕೆ ಐದಾರು ದಿನ, ದಿನಕ್ಕೆ ಇಪ್ಪತ್ತು ನಿಮಿಷದ ಮೇಲೆ ತುಂಬಿಸ್ಬೇಕು, ವಾರ ವಾರ ಟಿಆರ್‌ಪಿ ಬರುತ್ತೆ, ಸೀಸನ್ ಅನ್ನೋದೇ ಇಲ್ಲ, ಬರಹಗಾರರಿಗೆ ಉಸಿರು ತಗೊಳ್ಳೋಕೆ ಮೂರು ತಿಂಗಳು ಕೂಡ ಸಿಗಲ್ಲ. 2024ರ ಹೊತ್ತಿಗೆ 4000 ಎಪಿಸೋಡ್ ದಾಟಿತು. ಯಾವ ಬರಹಗಾರರ ತಂಡ ಆದ್ರೂ ಇಷ್ಟು ಬರೆದು ತಾಜಾ ಉಳಿಯೋಕೆ ಸಾಧ್ಯನಾ, ಅವರ ಮೇಲೆ ನನಗೆ ಕೋಪ ಇಲ್ಲ, ನಿಲ್ಲಿಸೋಕೆ ಮನಸ್ಸು ಮಾಡದವರ ಮೇಲೆ ಇದೆ.

ಸೀಸನ್ ಇದ್ರೂ ಕೆಡುತ್ತೆ ಅಂತ ನೀವು ಹೇಳಬಹುದು, ಹೌದು, ಗೇಮ್ ಆಫ್ ಥ್ರೋನ್ಸ್ 2019ರಲ್ಲಿ ಕೊನೇ ಸೀಸನ್ನನ್ನ ಬರೀ 6 ಎಪಿಸೋಡಲ್ಲಿ ಮುಗಿಸಿದಾಗ ಲಕ್ಷಗಟ್ಟಲೆ ಜನ ಮತ್ತೆ ಬರೆದು ತೆಗೀರಿ ಅಂತ ಸಹಿ ಹಾಕಿದ್ರು. ಅಲ್ಲಿ ಗಡಿಬಿಡಿಯಿಂದ ಓಡಿ ಕೆಡಿಸಿದ್ರು. ಇಲ್ಲಿ ನಿಂತಲ್ಲೇ ನಿಂತು ಕೆಡಿಸ್ತಿದಾರೆ.

ದಯಾ ವಿಷಯಕ್ಕೆ ಬರೋಣ. ದಯಾ ಆಗಿದ್ದ ದಿಶಾ ವಕಾನಿ 2017ರಲ್ಲಿ ಹೆರಿಗೆ ರಜೆಗೆ ಹೋದ್ರು, ಮತ್ತೆ ಪಾತ್ರಕ್ಕೆ ಪೂರ್ತಿಯಾಗಿ ಮರಳಲಿಲ್ಲ. ಒಬ್ಬ ತಾಯಿ ಮನೆ ಮಕ್ಕಳು ನೋಡ್ಕೋತೀನಿ ಅಂದ್ರೆ ಅದು ಅವರ ಬದುಕು, ಅದ್ರಲ್ಲಿ ನಾವು ಪ್ರೇಕ್ಷಕರು ಬಾಯಿ ಹಾಕೋ ಹಾಗಿಲ್ಲ. ಆದ್ರೆ ಕಥೆಯೊಳಗಿನ ದಯಾ? ಅವಳು ಅಹಮದಾಬಾದ್‌ನಲ್ಲಿ ತವರು ಮನೇಲಿ ಇದಾಳೆ, ವರ್ಷಗಳಿಂದ. ಗಂಡ, ಮಗ, ಮಾವ ಎಲ್ರನ್ನೂ ಬಿಟ್ಟು ತವರಲ್ಲಿ ಇಷ್ಟು ವರ್ಷ ಕೂತಿರೋ ಹೆಂಗಸಾ ಅವಳು? ಮನೆಗಾಗಿ ಜೀವ ಬಿಡೋಳು ಅಂತ ಒಂಬತ್ತು ವರ್ಷ ತೋರಿಸಿ ಆಮೇಲೆ ಪಾತ್ರಕ್ಕೇ ಹೀಗೆ ಅನ್ಯಾಯ ಮಾಡೋದಾ? 2023ರಲ್ಲಿ ದೀಪಾವಳಿಗೆ ಬರ್ತಾಳೆ ಬರ್ತಾಳೆ ಅಂತ ಅವಳ ತಮ್ಮ ಸುಂದರ್ ಕೈಲಿ ಹೇಳಿಸಿ ಇಡೀ ಸೊಸೈಟಿ ಅಲಂಕಾರ ಮಾಡಿಸಿ ಕೊನೆಗೆ ಬರ್ಲಿಲ್ಲ, ಆಗ ಜನ ಬಾಯ್ಕಾಟ್ ಅಂತ ಹ್ಯಾಶ್‌ಟ್ಯಾಗ್ ಹಾಕಿದ್ರು. ಅದು ಬರೀ ಸಿಟ್ಟಲ್ಲ, ನೋವು. ಜೇಠಾಲಾಲ್ ಮುಖದಲ್ಲಿ ದಿಲೀಪ್ ಜೋಶಿ ಆ ನಿರಾಸೆ ತೋರಿಸಿದ ರೀತಿ ನೋಡಿ, ಎಂಥ ಕಲಾವಿದ, ಅವರ ಕೈಗೆ ಒಂದು ನಿಜವಾದ ವಿದಾಯದ ದೃಶ್ಯ ಕೊಟ್ಟಿದ್ರೆ ಇಡೀ ದೇಶ ಅತ್ತಿರೋದು.

ಟಪು ಸೇನೆಯದ್ದೂ ಇದೇ ಕಥೆ. ಟಪು ಆಗಿದ್ದ ಭವ್ಯ ಗಾಂಧಿ ಚಿಕ್ಕ ಹುಡುಗ ಆಗಿದ್ದಾಗ ಬಂದು 2017ರಲ್ಲಿ ಬಿಟ್ರು, ಆಮೇಲೆ ಟಪು ಎರಡು ಸಲ ಬದಲಾದ, ಭಿಡೆ ಮಗಳು ಸೋನು ಅಂತೂ ನಾಲ್ಕನೇ ಹುಡುಗಿ. ಗೋಲಿ ಪಾತ್ರದ ಕುಶ್ ಶಾ ಮೊದಲ ದಿನದಿಂದ 2024ರ ತನಕ ಇದ್ರು, 16 ವರ್ಷ, ಬಾಲ್ಯ ಯೌವನ ಎರಡೂ ಆ ಸೆಟ್ಟಲ್ಲೇ ಕಳೆದು ಹೋಯ್ತು. ಅವರು ಕೂಡ ಹೋದ ಮೇಲೆ ಗೋಲಿ ಅನ್ನೋ ಹೆಸರಿಗೆ ಇನ್ನೊಬ್ಬ ಹುಡುಗ. 2008ರಲ್ಲಿ ಅವರ ಜೊತೆ ಶಾಲೆಗೆ ಹೋಗ್ತಿದ್ದ ನಮ್ಮ ಪೀಳಿಗೆಗೆ ಈಗ ಇಎಂಐ ಇದೆ, ಮದುವೆ ಆಗಿದೆ, ಕೆಲವರು ಕೆನಡಾದಲ್ಲಿದಾರೆ. ಟಪು ನಮ್ಮ ಜೊತೆ ಬೆಳೀಬೇಕಿತ್ತು ಅನ್ನೋದು ಅತಿಯಾಸೆ ಏನಲ್ಲ. ಕಾರ್ಟೂನ್ ಮಕ್ಕಳಿಗೆ ವಯಸ್ಸಾಗಲ್ಲ ಸರಿ, ಇವರು ರಕ್ತ ಮಾಂಸದ ಮಕ್ಕಳು, ಮೀಸೆ ಬರುತ್ತೆ, ದನಿ ಒಡೆಯುತ್ತೆ.

ಸಾವಿನ ವಿಷಯ ಅದಕ್ಕಿಂತ ಕಷ್ಟ. ಡಾಕ್ಟರ್ ಹಾಥಿ ಆಗಿದ್ದ ಕವಿ ಕುಮಾರ್ ಆಜಾದ್ 2018ರ ಜುಲೈಯಲ್ಲಿ ತೀರಿಕೊಂಡ್ರು, ನಟ್ಟು ಕಾಕಾ ಆಗಿದ್ದ ಘನಶ್ಯಾಮ್ ನಾಯಕ್ 2021ರ ಅಕ್ಟೋಬರ್‌ನಲ್ಲಿ, ಕ್ಯಾನ್ಸರ್ ಇದ್ರೂ ಕೆಲಸಕ್ಕೆ ಬರಬೇಕು ಅಂತ ಹಂಬಲಿಸಿದ ಹಿರಿಯರು. ನಮ್ಮ ಮನೆಗಳಲ್ಲಿ ಆ ದಿನ ನಿಜವಾಗ್ಲೂ ಬೇಜಾರಾಗಿತ್ತು. ಕಥೆಯೊಳಗೆ ಮಾತ್ರ ಇಬ್ಬರೂ ಬೇರೆ ಮುಖ ಹಾಕ್ಕೊಂಡು ಮುಂದುವರಿದ್ರು. ಮಕ್ಕಳು ನೋಡೋ ಕಾಮಿಡಿ, ಸಾವು ತೋರಿಸೋಕಾಗಲ್ಲ ಅಂತ ಹೇಳೋರಿಗೆ ನಾನೊಂದು ಉದಾಹರಣೆ ಕೊಡ್ತೀನಿ. ಅಮೆರಿಕದ ಸೆಸೇಮ್ ಸ್ಟ್ರೀಟ್, ಪುಟ್ಟ ಮಕ್ಕಳ ಕಾರ್ಯಕ್ರಮ, ಅಲ್ಲಿ ಅಂಗಡಿಯ ಮಿಸ್ಟರ್ ಹೂಪರ್ ಆಗಿದ್ದ ವಿಲ್ ಲೀ 1982ರಲ್ಲಿ ತೀರಿಕೊಂಡಾಗ ಅವರು ಇನ್ನೊಬ್ಬ ನಟನನ್ನ ಹಾಕ್ಲಿಲ್ಲ, 1983ರಲ್ಲಿ ಒಂದು ಎಪಿಸೋಡ್ ಮಾಡಿ ಹೂಪರ್ ಇನ್ನು ಬರಲ್ಲ ಅಂತ ಮಕ್ಕಳಿಗೆ ಮೃದುವಾಗಿ ಹೇಳಿದ್ರು. ಜೇಠಾಲಾಲ್‌ನ ಅಂಗಡಿ ಗಡಾ ಎಲೆಕ್ಟ್ರಾನಿಕ್ಸ್‌ನಲ್ಲಿ ನಟ್ಟು ಕಾಕಾ ಕೂರ್ತಿದ್ದ ಕುರ್ಚಿ ಖಾಲಿ ಬಿಟ್ಟು ಅಂಗಡಿ ಕೆಲಸದ ಬಾಘಾ, ಜೇಠಾಲಾಲ್ ಎರಡು ಮಾತಾಡಿದ್ರೆ ಸಾಕಿತ್ತು. ಸೊಸೈಟಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡಾಗ ಜಾತಿ ಭಾಷೆ ನೋಡದೆ ಎಲ್ರೂ ಕೆಳಗಿಳಿದು ಬಂದು ನಿಲ್ಲೋದು ಮುಂಬೈಯಲ್ಲಿ ನಾನು ಕಂಡಿರೋ ಅತ್ಯಂತ ದೊಡ್ಡ ಗುಣ, ಗೋಕುಲ್‌ಧಾಮ್ ಅದನ್ನ ತೋರಿಸದಿದ್ರೆ ಇನ್ಯಾರು ತೋರಿಸಬೇಕು.

ಇನ್ನು ಕಥೆ ಸಿಗ್ತಿಲ್ಲ ಅನ್ನೋ ಮಾತು. ಮುಂಬೈಯಲ್ಲಾ? ಇಲ್ಲಿ ಯಾವ ಹಳೇ ಬಿಲ್ಡಿಂಗ್ ನೋಡಿದ್ರೂ ರೀಡೆವಲಪ್‌ಮೆಂಟ್, ಅಂದ್ರೆ ಕೆಡವಿ ಹೊಸದಾಗಿ ಕಟ್ಟೋದು, 2019ರಿಂದ ಮಹಾರಾಷ್ಟ್ರದಲ್ಲಿ ಸೊಸೈಟಿಯ ಶೇ. 51 ಸದಸ್ಯರು ಒಪ್ಪಿದ್ರೆ ಸಾಕು. ಅಂದ್ರೆ ಅರ್ಧಕ್ಕರ್ಧ ಜನ ಒಂದು ಕಡೆ, ಉಳಿದವರು ಇನ್ನೊಂದು ಕಡೆ, ಬಿಲ್ಡರ್ ಎಷ್ಟು ಕಾರ್ಪೆಟ್ ಏರಿಯಾ ಕೊಡ್ತಾನೆ, ಬಾಡಿಗೆ ಎಷ್ಟು ಕೊಡ್ತಾನೆ, ಅರ್ಧಕ್ಕೆ ಬಿಟ್ಟು ಓಡಿಹೋದ್ರೆ ಏನು ಗತಿ. ಭಿಡೆ ಸೆಕ್ರೆಟರಿಯಾಗಿ ಫೈಲ್ ಹಿಡ್ಕೊಂಡು ಮನೆ ಮನೆ ಸುತ್ತೋದು, ಚಂಪಕ್‌ಲಾಲ್ ನಾನು ಈ ಮನೆ ಬಿಟ್ಟು ಬರಲ್ಲ ಅಂತ ಹಠ ಹಿಡಿಯೋದು, ಒಂದು ವರ್ಷದ ಕಥೆ ಇದೆ ಇದ್ರಲ್ಲಿ, ನಗುನೂ ಇದೆ ಕಣ್ಣೀರೂ ಇದೆ. ಮಕ್ಕಳು ಹೊರದೇಶಕ್ಕೆ ಹೋಗಿ ಬೀಗ ಬಿದ್ದ ಫ್ಲಾಟ್‌ಗಳು, ಜನ ಅಂಗಡಿಯಲ್ಲಿ ಬಂದು ಟಿವಿ ನೋಡಿ ಬೆಲೆ ಕೇಳಿ ಮೊಬೈಲಲ್ಲಿ ಆರ್ಡರ್ ಮಾಡೋದು, ಇದೆಲ್ಲಾ ಜೇಠಾಲಾಲ್ ಕಥೆಗಳೇ.

ಟಿಆರ್‌ಪಿ ಚೆನ್ನಾಗೇ ಇದೆಯಲ್ಲ ಅಂತೀರಾ, ಗೊತ್ತು, 2025ರಲ್ಲಿ ದೆವ್ವದ ಬಂಗಲೆ ಕಥೆ ಬಂದಾಗ ಪಟ್ಟಿಯ ಮೇಲಕ್ಕೇ ಹೋಗಿತ್ತು. ನಮ್ಮ ಮನೇಲೂ ಊಟದ ಹೊತ್ತಿಗೆ ಅದೇ ಓಡ್ತಿರುತ್ತೆ. ಆದ್ರೆ ಯೂಟ್ಯೂಬಲ್ಲಿ ಜನ ಹುಡುಕಿ ಹುಡುಕಿ ಮತ್ತೆ ಹಾಕ್ಕೊಳ್ಳೋದು ಯಾವುದನ್ನ? ಹಳೇದನ್ನ. ಟಿವಿ ಆನ್ ಇದೆ ಅಂದ ಮಾತ್ರಕ್ಕೆ ನೋಡೋರಿಗೆ ತೃಪ್ತಿ ಇದೆ ಅಂತಲ್ಲ, ಪ್ರೀತಿ ಇದೆ ಹಾಗಾಗಿ ಬಿಡೋಕಾಗ್ತಿಲ್ಲ, ಅಷ್ಟೇ.

ನಾನು ಕೇಳೋದು ಒಂದು ದಿನಾಂಕ. ಇಂಥ ದಿನ ಮುಗಿಸ್ತೀವಿ ಅಂತ ಒಂದು ವರ್ಷ ಮುಂಚೆ ಹೇಳಿ, ಆ ಒಂದು ವರ್ಷ ಕಥೆಯನ್ನ ಮುಂದಕ್ಕೆ ಬಿಡಿ. ವರ್ಷಗಳಿಂದ ಹೆಣ್ಣು ಹುಡುಕ್ತಿರೋ ಪೋಪಟ್‌ಲಾಲ್‌ಗೆ ಮದುವೆ ಮಾಡಿ, ಕನಸಲ್ಲಲ್ಲ, ನಿಜವಾಗಿ, ಯಾವಾಗ್ಲೂ ಕೈಲಿರೋ ಆ ಛತ್ರಿ ಹಿಡ್ಕೊಂಡೇ ತಾಳಿ ಕಟ್ಟಲಿ. ಟಪು ಎಲ್ಲೋ ದೂರ ಕೆಲಸಕ್ಕೆ ಹೊರಡ್ಲಿ. ದಯಾ ಬರದಿದ್ರೆ ಬರಲ್ಲ ಅಂತ ಒಂದು ಫೋನ್ ಕಾಲಲ್ಲಾದ್ರೂ ಜೇಠಾಲಾಲ್‌ಗೆ ಸರಿಯಾಗಿ ಹೇಳ್ಸಿ. ಅಯ್ಯರ್‌ಗೆ ಅವನ ಲ್ಯಾಬಲ್ಲಿ ಒಂದು ದೊಡ್ಡ ಗೌರವ ಸಿಗ್ಲಿ, ಕಾಂಪೌಂಡಲ್ಲಿ ಎಲ್ರಿಗಿಂತ ಮೊದಲು ಚಪ್ಪಾಳೆ ಹೊಡೆಯೋನು ಜೇಠಾಲಾಲ್ ಆಗಿರ್ಲಿ. ಅಂಥ ಒಂದು ವರ್ಷ ಕೊಡ್ತೀವಿ ಅಂದ್ರೆ ನಾನು ದಿನಾ ಎಂಟೂವರೆ ಒಳಗೆ ಮನೆ ಸೇರೋ ಲೋಕಲ್ ಹಿಡೀತೀನಿ.