ಕುಡಿಯುವವನ ಎದುರು ಕೂತು ಮಾತಾಡುವವರು

ಕೇಳುಗರೇ, ನಮಸ್ಕಾರ. ವಾಸ್ಕೋದ ಬೈನಾ, ಝುವಾರಿನಗರ, ಮಡಗಾಂವ, ಮಾಪುಸಾ, ಎಲ್ಲಿ ಹೋದರೂ ನಮ್ಮ ಕನ್ನಡದ ಮನೆಗಳಿವೆ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ದುಡಿಯಲು ಬಂದವರು. ಗಾರೆ ಕೆಲಸ, ಸೆಂಟ್ರಿಂಗ್, ಹಮಾಲಿ. ಸಂಜೆ ಮೈಕೈ ನೋವಿಗೆ ಅಂತ ಶುರುವಾದ ಒಂದು ಕ್ವಾರ್ಟರ್ ಯಾವಾಗ ಚಟವಾಯಿತು ಅನ್ನುವುದು ಮನೆಯವರಿಗೂ ಗೊತ್ತಾಗಿರುವುದಿಲ್ಲ. ಆ ಚಟಕ್ಕೆ ಇದೇ ಗೋವಾದಲ್ಲಿ ಕಂಡುಕೊಂಡ ಒಂದು ದಾರಿ ಇದೆ. ಅದು ನಮ್ಮ ಜನರಿಗೆ ಮುಟ್ಟಬೇಕು ಅನ್ನುವುದೇ ನನ್ನ ಆಸೆ.

ಇಲ್ಲಿ ಸಂಗಾತ್ ಎಂಬ ಸಂಸ್ಥೆ 1996ರಿಂದ ಕೆಲಸ ಮಾಡುತ್ತಿದೆ. ಕುಡಿತ ಮತ್ತು ಮನಸ್ಸಿನ ಕಾಯಿಲೆಗಳ ಬಗ್ಗೆ ಅಲ್ಲಿ ಸಂಶೋಧನೆ ಮಾಡುತ್ತಿರುವವರು ಮನೋವೈದ್ಯ ಡಾ. ಅಭಿಜಿತ್ ನಾಡಕರ್ಣಿ. ಮನೋವೈದ್ಯರು ಕಡಿಮೆ, ಕುಡಿತದಿಂದ ಕಷ್ಟಪಡುವವರು ಜಾಸ್ತಿ. ಹಾಗಾದರೆ ಡಾಕ್ಟರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟರೆ ಅವರ ಕೈಲಿ ಈ ಕೆಲಸ ಆಗುತ್ತದಾ? ನಾಡಕರ್ಣಿಯವರೂ ಅವರ ಜೊತೆಗಾರರೂ ಇದನ್ನೇ ನೋಡಲು ಹೊರಟರು.

ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 377 ಗಂಡಸರನ್ನು ಆರಿಸಿಕೊಂಡರು. ಕುಡಿತದಿಂದ ತೊಂದರೆ ಶುರುವಾಗಿದ್ದವರು ಇವರು. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಅದರ ಜೊತೆ, ತರಬೇತಿ ಪಡೆದ ಆ ಸಾಮಾನ್ಯ ಜನರೊಂದಿಗೆ ಮಾತುಕತೆ, ಹೆಚ್ಚೆಂದರೆ ನಾಲ್ಕು ಸಲ, ಒಂದೊಂದು ಸಲ ಅರ್ಧ ಮುಕ್ಕಾಲು ಗಂಟೆ.

ಆ ಮಾತುಕತೆ ಹೇಗಿರುತ್ತದೆ ಗೊತ್ತಾ? ಬೈಗುಳ ಇಲ್ಲ, ಆಣೆ ಪ್ರಮಾಣ ಇಲ್ಲ. ‘ಯಾವತ್ತು ಜಾಸ್ತಿ ಆಗತ್ತೆ?’ ಅಂತ ಕೇಳುತ್ತಾರೆ. ಅವನು ‘ಬಟವಾಡೆ ದಿನ’ ಅನ್ನಬಹುದು. ಯಾರ ಜೊತೆ? ಮೇಸ್ತ್ರಿ ಜೊತೆ. ಮೇಸ್ತ್ರಿ ಗ್ಲಾಸ್ ಮುಂದೆ ಹಿಡಿದರೆ ಏನು ಹೇಳುತ್ತೀರಿ? ಅವನು ಸುಮ್ನಾಗುತ್ತಾನೆ. ಕೆಲಸ ಕೊಡುವವನಿಗೆ ಬೇಡ ಅನ್ನುವುದು ಸುಲಭವಾ? ಅಲ್ಲೇ ಇಬ್ಬರೂ ಕೂತು ಆ ಉತ್ತರವನ್ನು ಬಾಯಿಬಿಟ್ಟು ಹೇಳಿ ರೂಢಿ ಮಾಡುತ್ತಾರೆ. ಆಸೆ ಎದ್ದಾಗ ಏನು ಮಾಡಬೇಕು, ದುಃಖ ಸಿಟ್ಟು ಬಂದಾಗ ಬಾಟಲಿ ಬಿಟ್ಟು ಎಲ್ಲಿಗೆ ಹೋಗಬೇಕು, ಮತ್ತೆ ಜಾರಿದರೆ ಹೇಗೆ ಎದ್ದು ನಿಲ್ಲಬೇಕು, ಅದೆಲ್ಲ ಮಾತಿಗೆ ಬರುತ್ತದೆ. ಮಾತಾಡಿಸುವವರು ತಮ್ಮ ಮಾತುಕತೆಯ ರೆಕಾರ್ಡಿಂಗ್ ಹಾಕಿಕೊಂಡು, ಒಬ್ಬರದನ್ನೊಬ್ಬರು ಕೇಳಿ ತಿದ್ದಿಕೊಳ್ಳುತ್ತಾರೆ. ಇದು ನನಗೆ ತುಂಬಾ ಹಿಡಿಸಿದ ವಿಷಯ.

ಮೂರು ತಿಂಗಳ ಮೇಲೆ ನೋಡಿದಾಗ, ಅದಕ್ಕೂ ಹಿಂದಿನ ಎರಡು ವಾರ ಒಂದು ಹನಿಯೂ ಮುಟ್ಟದವರು ಮಾತುಕತೆ ಸಿಕ್ಕ ಗುಂಪಿನಲ್ಲಿ ನೂರಕ್ಕೆ 42. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 18. ಆದರೆ ಮನೆಯಲ್ಲಿ ಹೆಂಡತಿ ಮೇಲಿನ ಹಿಂಸೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ‘ಅವನು ಕುಡಿತ ಬಿಟ್ಟರೆ ಎಲ್ಲ ಸರಿ ಹೋಗತ್ತೆ’ ಅಂತ ಹೊಡೆತ ತಿನ್ನುತ್ತಾ ಕಾಯುವ ಅಕ್ಕತಂಗಿಯರೇ, ದಯವಿಟ್ಟು ಕಾಯಬೇಡಿ. 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ.

ಇನ್ನೊಂದು ಮಾತು. ಚಟ ಬಿಡಿಸುವ ಪುಡಿ ಅಂತ ಮಾರುತ್ತಾರಲ್ಲ, ಅದನ್ನು ಸಾರಿನಲ್ಲಿ ಕದ್ದು ಹಾಕಬೇಡಿ. ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿರುವುದಿಲ್ಲ. ಕೆಲವು ಔಷಧಿಗಳ ಮೇಲೆ ಮದ್ಯ ಬಿದ್ದರೆ ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ವರ್ಷಗಟ್ಟಲೆ ಬೆಳಗ್ಗೆಯಿಂದಲೇ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಂದೇ ಏಟಿಗೆ ಬಿಡಿಸಲೂ ಹೋಗಬೇಡಿ. ಕೈ ನಡುಗುತ್ತದೆ, ಬೆವರುತ್ತಾರೆ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು. ಅದನ್ನು ದೆವ್ವ ಅಂದುಕೊಂಡು ಕೂರುವಷ್ಟು ಹೊತ್ತಿಲ್ಲ. ಅಂಥವರಿಗೆ ಆಸ್ಪತ್ರೆಯೇ ಬೇಕು. ಬಾಂಬೋಳಿಯಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಕೊಡಬೇಕಿಲ್ಲ.

ಕೊನೆಗೆ ನಮ್ಮ ಕನ್ನಡ ಸಂಘದವರಲ್ಲಿ ಒಂದು ಕೇಳಿಕೆ. ಮನಸ್ಸಿನ ನೋವು ತಾಯಿಮಾತಿನಲ್ಲೇ ಹೊರಗೆ ಬರುವುದು, ಅಲ್ವಾ? ಅರೆಬರೆ ಹಿಂದಿಯಲ್ಲಿ ಅವನು ಎಷ್ಟು ಹೇಳಿಕೊಂಡಾನು? ನಿಮ್ಮ ವಸತಿಯಲ್ಲಿ ತಾಳ್ಮೆಯಿಂದ ಕೇಳಿಸಿಕೊಳ್ಳುವ, ಇನ್ನೊಬ್ಬರ ಗುಟ್ಟು ಹೊರಗೆ ಬಿಡದ ಒಬ್ಬಿಬ್ಬರನ್ನು ಗುರುತಿಸಿ. ಅವರನ್ನು ಕರೆದುಕೊಂಡು ಹತ್ತಿರದ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಹೋಗಿ, ಇವರಿಗೆ ತರಬೇತಿ ಸಿಗುವ ದಾರಿ ಹೇಳಿ ಅಂತ ಕೇಳಿ. ನಮಸ್ಕಾರ.