ಮಿಂಚುವಿನ ಮೂಗಿಗೆ ಕೆಲಸ ಬೇಕಾಗಿದೆ

ನಮಸ್ಕಾರ ಕೇಳುಗರೇ. ನಾಯಿಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ದಿಕ್ಕಿಲ್ಲದೆ ಸಿಕ್ಕ ನಾಯಿಗಳನ್ನು, ಯಾರೋ ಬಿಟ್ಟು ಹೋದ ನಾಯಿಗಳನ್ನು ನೋಡಿಕೊಳ್ಳುವ ಒಂದು ಆಶ್ರಯದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ನಾಯಿ ಸಾಕಣೆ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಮಾತ್ರ ಒಬ್ಬನ ಬಗ್ಗೆಯೇ ಹೇಳಬೇಕು ಅಂತ ಬಂದಿದ್ದೇನೆ. ಅವನ ಹೆಸರು ಮಿಂಚು. ವಯಸ್ಸು 11 ತಿಂಗಳು. ಅವನಿಗೊಂದು ಮನೆ ಬೇಕು.

ಕಂದು ಮೈ, ಎದೆಯ ಮೇಲೊಂದು ಬಿಳಿ ಮಚ್ಚೆ. ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿಕೊಂಡಿದೆ. ಬೆಳಿಗ್ಗೆ ನಾನು ಗೇಟಿನ ಚಿಲಕ ತೆಗೆಯುವ ಸದ್ದು ಕೇಳಿದರೆ ಸಾಕು, ಬಾಲ ಒಂದೇ ಅಲ್ಲ, ಸೊಂಟದಿಂದ ಹಿಂದಕ್ಕೆ ಇಡೀ ಮೈಯೇ ಅಲ್ಲಾಡುತ್ತದೆ. ಪಕ್ಕದಲ್ಲಿರುವ ತಗಡಿನ ಬಕೆಟ್ಟಿಗೆ ಬಾಲ ಬಡಿದು ಡಬ ಡಬ ಅನ್ನುತ್ತದೆ. ನನ್ನ ಶೂ ಲೇಸ್ ಬಿಚ್ಚಿ ಹಾಕಿದ ಮೇಲೇ ಅವನಿಗೆ ಬೆಳಗಾಗುವುದು.

ಮಿಂಚುವನ್ನು ಇಲ್ಲಿಯವರೆಗೆ ಎರಡು ಮನೆಯವರು ಕರೆದುಕೊಂಡು ಹೋಗಿ ವಾಪಸ್ ತಂದು ಬಿಟ್ಟಿದ್ದಾರೆ. ಮೊದಲನೆಯವರು 9 ದಿನಕ್ಕೆ, ಎರಡನೆಯವರು ಒಂದು ತಿಂಗಳಿಗೆ. ಇಬ್ಬರದ್ದೂ ಒಂದೇ ಮಾತು. ತುಂಬಾ ತಂಟೆ, ಎಷ್ಟು ಓಡಿಸಿದರೂ ಸುಸ್ತೇ ಆಗಲ್ಲ ಅಂತ. ಅವರ ಮೇಲೆ ನನಗೆ ಕೋಪ ಇಲ್ಲ. ಆದರೆ ಈ ಮಾತು ಕೇಳಿ ಕೇಳಿ ಸಾಕಾಗಿದೆ, ನಿಜ ಹೇಳ್ತೀನಿ. ಮಿಂಚು ತಂಟೆಕೋರನಲ್ಲ. ಅವನಿಗೆ ಮಾಡಲು ಕೆಲಸ ಇಲ್ಲ, ಅಷ್ಟೇ. ಕೆಲಸ ಕಾಲಿಗಲ್ಲ, ಮೂಗಿಗೆ. ನಾನು ಇವತ್ತು ಹೇಳಬೇಕಾದ್ದು ಇದೊಂದೇ. ನಾಯಿಯ ಮೂಗಿಗೆ ಕೆಲಸ ಕೊಡಿ.

ಯಾಕೆ ಮೂಗು? ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50 ಲಕ್ಷ. ನಾಯಿಯ ಮೂಗಿನಲ್ಲಿ 20 ಕೋಟಿಗೂ ಜಾಸ್ತಿ. ಅದು ಮೂಸುವಾಗ ಹತ್ತಿರ ಕೂತು ಕಿವಿಗೊಟ್ಟು ಕೇಳಿ. ಒಂದು ಸೆಕೆಂಡಿಗೆ ಐದು ಸಲದಷ್ಟು ಬೇಗ ಬೇಗ ಉಸಿರು ಎಳೆಯುತ್ತದೆ. ಆಗ ಅದರ ತಲೆಯೊಳಗೆ ಎಷ್ಟು ಕೆಲಸ ನಡೆಯುತ್ತಿರುತ್ತದೆ ಅಂತ ನಮಗೆ ಹೊರಗಿನಿಂದ ಗೊತ್ತಾಗುವುದಿಲ್ಲ. ನಮಗೆ ಕಾಣುವುದು ಕಂಬದ ಹತ್ತಿರ ಸುಮ್ನೆ ನಿಂತ ನಾಯಿ. ನಾವು ಬೆಲ್ಟ್ ಹಿಡಿದು ಎಳೀತೀವಿ. ಅದು ಆಗ ತಾನೇ ಒಂದು ಕಾಗದ ಓದಲು ಶುರು ಮಾಡಿತ್ತು, ನಾವು ಕಿತ್ತುಕೊಂಡ ಹಾಗಾಯಿತು.

ಇಲ್ಲಿ ನಾನು ಗುಂಡನ ಕಥೆ ಹೇಳಲೇಬೇಕು. ಗುಂಡನೂ ಹೀಗೇ, ಒಂದು ವರ್ಷದ ಪಡ್ಡೆ. ಅವನನ್ನು ಮೊದಲು ಕರೆದುಕೊಂಡು ಹೋದವರು ಒಬ್ಬ ಯುವಕ. ದಿನಾ ಓಡುವ ಅಭ್ಯಾಸ ಇದ್ದವರು. ಇದಕ್ಕಿಂತ ಒಳ್ಳೆಯ ಮನೆ ಸಿಗಲ್ಲ ಅಂದುಕೊಂಡೆ. ಬೆಳಿಗ್ಗೆ ಐದು ಕಿಲೋಮೀಟರ್, ಸಂಜೆ ಐದು ಕಿಲೋಮೀಟರ್. ಎರಡು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಏನಾಯಿತು ಗೊತ್ತಾ? ದಿನಾ ಓಡಿದರೆ ಯಾರ ಮೈಯಾದರೂ ಗಟ್ಟಿಯಾಗುತ್ತದೆ ಅಲ್ವಾ? ಗುಂಡನ ಮೈಯೂ ಗಟ್ಟಿಯಾಯಿತು. ಎರಡನೇ ತಿಂಗಳಿಗೆ ಹತ್ತು ಕಿಲೋಮೀಟರ್ ಓಡಿ ಬಂದು, ನೀರು ಕುಡಿದು, ನೇರ ಹೋಗಿ ಸೋಫಾದ ಹತ್ತಿ ಕಿತ್ತು ಹಾಕುತ್ತಿದ್ದ. ವಾಪಸ್ ಬಂದ.

ಆಮೇಲೆ ಒಂದು ದಿನ ಒಬ್ಬ ಅಜ್ಜಿ ಬಂದರು. ಮಂಡಿ ನೋವು, ಕೈಯಲ್ಲಿ ಕೋಲು. ವಯಸ್ಸಾದ, ಸುಮ್ಮನೆ ಮಲಗಿರುವ ನಾಯಿ ಇದ್ದರೆ ಕೊಡಿ ಅಂದರು. ಮೂರು ನಾಯಿ ತೋರಿಸಿದೆ. ಅಷ್ಟರಲ್ಲಿ ಗುಂಡ ಜಾಲರಿಯ ಸಂದಿಯಿಂದ ಮೂಗು ತೂರಿಸಿ ಅವರ ಕೋಲನ್ನು ಮೂಸುತ್ತಾ ನಿಂತ. ತುದಿಯಿಂದ ಹಿಡಿಯವರೆಗೆ, ಒಂದು ಇಂಚೂ ಬಿಡದೆ. ಕುಣಿದಾಟವೆಲ್ಲ ನಿಂತೇ ಹೋಯಿತು. ಅಜ್ಜಿ ಕೋಲನ್ನು ಅಲ್ಲಾಡಿಸದೆ ಹಾಗೇ ಹಿಡಿದುಕೊಂಡು, "ಇವನು ಓದ್ತಾ ಇದಾನೆ ಕಣಪ್ಪಾ, ಮುಗಿಸಲಿ ಬಿಡು" ಅಂದರು. ಆಮೇಲೆ ಇವನನ್ನೇ ಕೊಡು ಅಂತ ಪಟ್ಟು ಹಿಡಿದರು. ನಾನು ಆಗಲ್ಲ ಅಂದೆ. ನಿಮ್ಮನ್ನು ಬೀಳಿಸಿಬಿಡುತ್ತಾನೆ ಅಮ್ಮಾ ಅಂದೆ. ಅವರು ದಿನಾ ಬರಲು ಶುರು ಮಾಡಿದರು. ಎರಡು ವಾರ ಬಂದರು. ಕೊನೆಗೆ ನಾನು ಸೋತೆ.

ಮೂರು ವಾರ ಬಿಟ್ಟು ಅವರ ಮನೆಗೆ ಹೋದೆ, ಹೆದರಿಕೊಂಡೇ. ಬಾಗಿಲು ತೆಗೆದರೆ ಗುಂಡ ನೆಲದ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ, ಬೆಳಿಗ್ಗೆ ಹತ್ತು ಗಂಟೆಗೆ! ಅಜ್ಜಿ ಮಾಡಿದ್ದು ಇಷ್ಟೇ. ಅವನ ಊಟವನ್ನು ಬಟ್ಟಲಿಗೆ ಹಾಕುವುದನ್ನೇ ಬಿಟ್ಟಿದ್ದರು. ಬೆಳಿಗ್ಗೆ ಅವನನ್ನು ಒಂದು ಕೋಣೆಯಲ್ಲಿ ಬಿಟ್ಟು, ಒಣ ಆಹಾರದ ಕಾಳುಗಳನ್ನು ಮನೆಯ 14 ಕಡೆ ಬಚ್ಚಿಡುತ್ತಿದ್ದರು. ಬಾಗಿಲ ಹಿಂದೆ, ಮಗುಚಿಟ್ಟ ಬಕೆಟ್ಟಿನ ಕೆಳಗೆ, ಕಾಲೊರಸಿನ ಮಡಿಕೆಯಲ್ಲಿ, ಹಳೇ ಟವೆಲ್ ಸುತ್ತಿ ಅದರೊಳಗೆ. ಆಮೇಲೆ "ಹುಡುಕು" ಅಂದರೆ ಸಾಕು, ಅರ್ಧ ಗಂಟೆ ಅವನಿಗೆ ಲೋಕವೇ ಬೇಡ. ಸಂಜೆ ವಾಕಿಂಗ್ ಅಂದರೆ ರಸ್ತೆಯ ತುದಿಯವರೆಗೆ ಹೋಗಿ ಬರುವುದು, ಅಷ್ಟೇ. ಆದರೆ ಅವನು ಎಲ್ಲಿ ನಿಂತರೂ ಅಜ್ಜಿಯೂ ನಿಲ್ಲುತ್ತಿದ್ದರು. "ನನಗೂ ಕಾಲು ನೋವು, ಅವನಿಗೂ ಮೂಸಬೇಕು, ಇಬ್ಬರಿಗೂ ಅವಸರ ಇಲ್ಲ" ಅಂದರು. ಹತ್ತು ಕಿಲೋಮೀಟರ್ ಓಟಕ್ಕೆ ಸುಸ್ತಾಗದ ನಾಯಿ 14 ಜಾಗ ಹುಡುಕಿ ಸುಸ್ತಾಗಿತ್ತು.

ಅವತ್ತಿನಿಂದ ಯಾರೇ ಬಂದು ನಾಯಿ ಹಾಗೆ ಮಾಡುತ್ತೆ ಹೀಗೆ ಮಾಡುತ್ತೆ ಅಂದರೂ ನಾನು ಮೊದಲು ಕೇಳುವುದು, ಅದರ ಮೂಗಿಗೆ ಏನು ಕೆಲಸ ಕೊಟ್ಟಿದ್ದೀರಿ ಅಂತ.

ಸಮಯ ಆಗುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಬೇಗ ಬೇಗ ಹೇಳಿ ಮುಗಿಸುತ್ತೇನೆ. ಓಡಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಮಿಂಚುಗೆ ದಿನಾ ಎರಡು ಹೊತ್ತು ನಡಿಗೆ, ಆಟ ಎಲ್ಲ ಬೇಕು. ಅದರ ಜೊತೆಗೆ ಮೂಗಿನ ಕೆಲಸ. ಅವನು ಬೂಟು ಕಚ್ಚುತ್ತಾನೆ ಅಂತ ಹೊಡೆಯಬೇಡಿ. 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬಂದು ಇನ್ನೂ ಕೆಲವು ತಿಂಗಳಷ್ಟೇ ಆಗಿದೆ. ಬೂಟು ಎತ್ತಿಡಿ, ಕಚ್ಚಲು ಬೇರೆ ಕೊಡಿ. ಆರು ತಿಂಗಳಿಂದ ಎರಡು ವರ್ಷದವರೆಗೆ ನಾಯಿಗೆ ಹದಿಹರೆಯ. ಕಲಿತದ್ದನ್ನೂ ಮರೆತವನ ಹಾಗೆ ಆಡುತ್ತಾನೆ, ಮತ್ತೆ ಹೇಳಿಕೊಡಬೇಕು. ಹೊಸ ಮನೆಗೆ ಹೊಂದಿಕೊಳ್ಳಲು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ನಾವು ಲೆಕ್ಕ ಇಟ್ಟುಕೊಂಡಿದ್ದೇವೆ. ಮೂರು ದಿನ ಕಂಗಾಲು, ಮೂರು ವಾರಕ್ಕೆ ಮನೆಯ ದಿನಚರಿ ಗೊತ್ತಾಗುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನುತ್ತಾನೆ. ದಯವಿಟ್ಟು 9 ದಿನಕ್ಕೆ ವಾಪಸ್ ತರಬೇಡಿ. ರೇಬಿಸ್ ಲಸಿಕೆ, ಉಳಿದ ಲಸಿಕೆ, ಸಂತಾನಹರಣ ಎಲ್ಲ ಆಗಿದೆ. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ಅವನ ಬಾಯಿಗೆ ಸಿಗದ ಹಾಗೆ ಇಡಿ, ನಾಯಿಗೆ ಅವು ವಿಷ.

ದೊಡ್ಡ ಮನೆ ಬೇಕಿಲ್ಲ. ಅಂಗಳವೂ ಬೇಕಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಅವನಿಗಾಗಿ ಬಚ್ಚಿಡುವ ಆಟ ಆಡಲು ಒಬ್ಬರು ಇದ್ದರೆ ಸಾಕು. ಮಕ್ಕಳಿದ್ದರೆ ಇನ್ನೂ ಒಳ್ಳೆಯದು, ಬಚ್ಚಿಡುವುದರಲ್ಲಿ ಮಕ್ಕಳನ್ನು ಮೀರಿಸುವವರಿಲ್ಲ.

ಈ ಬಾನುಲಿ ಕೇಂದ್ರಕ್ಕೆ ಫೋನ್ ಮಾಡಿದರೆ ನಮ್ಮ ವಿಳಾಸ ಕೊಡುತ್ತಾರೆ. ಮಿಂಚುವನ್ನು ನೋಡಲು ಬರುವಾಗ ನಿಮ್ಮ ಮನೆಯ ಹಳೇ ಟವೆಲ್ ಒಂದನ್ನು ತನ್ನಿ. ಒಗೆಯಬೇಡಿ, ಇದ್ದ ಹಾಗೇ ತನ್ನಿ. ಅವತ್ತು ರಾತ್ರಿ ಅದನ್ನು ಅವನ ಹಾಸಿಗೆಯಲ್ಲಿ ಹಾಕಿಡುತ್ತೇನೆ. ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಬೆಳಗಾಗುವುದರೊಳಗೆ ಅವನಿಗೆ ಗೊತ್ತಿರುತ್ತದೆ. ನಮಸ್ಕಾರ.